ಪಾಲಿಗೆ ಬಂದದ್ದು: ಇಲಿಯಡ್‌ನಲ್ಲಿ ವೀರ, ಮಾನ ಮತ್ತು ವಿಧಿ

ಗ್ರೀಕರ ಮಹಾಕಾವ್ಯ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ತಟ್ಟನೆ ನೆನಪಾಗುವುದು ಎರಡು. ಒಂದು ಮರದ ಕುದುರೆ. ಇನ್ನೊಂದು ಗ್ರೀಕ್ ವೀರ ಅಕಿಲೀಸನ ಹಿಮ್ಮಡಿ, ಅವನ ಮೈಯಲ್ಲಿ ಆಯುಧ ತಾಗುವ ಒಂದೇ ಜಾಗ. ಹೋಮರನ ಇಲಿಯಡ್ ಕಾವ್ಯವನ್ನು ಮೊದಲಿಂದ ಕೊನೆಯವರೆಗೆ ಹುಡುಕಿದರೂ ಈ ಎರಡೂ ಸಿಗುವುದಿಲ್ಲ. ಕುದುರೆಯ ಕಥೆ ಇರುವುದು ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ, ಅದೂ ಹಳೆಯದನ್ನು ನೆನೆಸಿಕೊಳ್ಳುವ ಮಾತಾಗಿ. ಆಯುಧ ತಾಗದಿರಲಿ ಎಂದು ತಾಯಿ ಮಗು ಅಕಿಲೀಸನನ್ನು ಪಾತಾಳದ ಸ್ಟಿಕ್ಸ್ ನದಿಯಲ್ಲಿ ಅದ್ದಿದಳು ಎಂಬ ಕಥೆ ನಮಗೆ ಮೊದಲು ಕಾಣಿಸುವುದು ಕ್ರಿ.ಶ. 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಅಷ್ಟು ಹೊತ್ತಿಗೆ ಹೋಮರನ ಕಾವ್ಯಕ್ಕೆ ಏಳೆಂಟು ನೂರು ವರ್ಷ ಆಗಿಹೋಗಿತ್ತು.

ಹೋಮರನ ಅಕಿಲೀಸನ ಮೈ ನಮ್ಮ ನಿಮ್ಮ ಮೈಯಂಥದ್ದೇ. 21ನೇ ಸರ್ಗದಲ್ಲಿ ಒಬ್ಬನ ಈಟಿ ಅವನ ಬಲಗೈಯನ್ನು ಸವರಿಕೊಂಡು ಹೋಗುತ್ತದೆ, ರಕ್ತ ಚಿಮ್ಮುತ್ತದೆ. ಇದು ಸಣ್ಣ ವಿಷಯ ಅಲ್ಲ. ಆಯುಧ ತಾಗದ ಮೈ ಇದ್ದವನು ಎಲ್ಲರಿಗಿಂತ ಮುಂದೆ ನಿಂತು ಕಾದಾಡಿದರೆ ಅದರಲ್ಲಿ ದೊಡ್ಡಸ್ತಿಕೆ ಏನಿದೆ?

ಈ ಎರಡರ ಜೊತೆಗೆ ಮೂರನೆಯ ತಪ್ಪು ತಿಳಿವಳಿಕೆಯೂ ಇದೆ. ಅದನ್ನು ಬಿಡಿಸುವುದು ಸ್ವಲ್ಪ ಕಷ್ಟ. ‘ವೀರನಿಗೆ ಅಹಂಕಾರ ಬರುತ್ತದೆ, ವಿಧಿ ಅವನನ್ನು ಮಟ್ಟ ಹಾಕುತ್ತದೆ, ಗ್ರೀಕ್ ಕಾವ್ಯ ಅಂದರೆ ಇಷ್ಟೇ’ ಎನ್ನುವುದು ಅದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಕಾವ್ಯವನ್ನು ನಿಧಾನವಾಗಿ ಓದಿದರೆ ಈ ಸೂತ್ರ ಒಂದು ಕಡೆಯೂ ನೆಟ್ಟಗೆ ಕೂರುವುದಿಲ್ಲ. ಹಾಗಾದರೆ ಯಾವುದು ಕೂರುತ್ತದೆ? ನನ್ನ ಪ್ರಕಾರ ಅದಕ್ಕೆ ಕನ್ನಡದಲ್ಲಿ ಸೊಗಸಾದ ಒಂದು ಮಾತಿದೆ: ಪಾಲು.

ಇಲಿಯಡ್‌ನಲ್ಲಿ 24 ಸರ್ಗ, 15,000ಕ್ಕೂ ಜಾಸ್ತಿ ಸಾಲು. ಗ್ರೀಕರು ಟ್ರಾಯ್ ನಗರದ ಮೇಲೆ ಮಾಡಿದ ಯುದ್ಧ ಹತ್ತು ವರ್ಷದ್ದು. ಕಾವ್ಯ ಹೇಳುವುದು ಮಾತ್ರ ಹತ್ತನೇ ವರ್ಷದ ಸುಮಾರು ಐವತ್ತು ದಿನದ ಕಥೆ. ಅದರ ಮೊದಲ ಪದವೇ ‘ಕೋಪ’. ಯಾರ ಕೋಪ? ಅಕಿಲೀಸನದು. ಯಾಕೆ? ಅವನಿಗೆ ಕೊಟ್ಟ ಪಾಲನ್ನು ಕಿತ್ತುಕೊಂಡರು ಅಂತ.

ಆ ಕಾಲದ ಗ್ರೀಕ್ ಸೈನ್ಯದಲ್ಲಿ ಸಂಬಳ ಇಲ್ಲ. ಒಂದು ಊರು ಗೆದ್ದರೆ ಕೊಳ್ಳೆ ಹೊಡೆದದ್ದನ್ನೆಲ್ಲ ಒಂದು ಕಡೆ ರಾಶಿ ಹಾಕುತ್ತಾರೆ, ಆಮೇಲೆ ಹಂಚುತ್ತಾರೆ. ಇದರಲ್ಲಿ ದೊಡ್ಡ ವೀರನಿಗೆ ಸೈನ್ಯವೇ ಎತ್ತಿಟ್ಟು ಕೊಡುವ ಒಂದು ವಿಶೇಷ ಪಾಲಿರುತ್ತದೆ. ಅದಕ್ಕೆ ಗ್ರೀಕರು ‘ಗೆರಾಸ್’ ಅನ್ನುತ್ತಾರೆ. ಅದರ ಬೆಲೆ ಮುಖ್ಯವಲ್ಲ. ಊರ ಹಬ್ಬದಲ್ಲಿ ಮೊದಲ ತಾಂಬೂಲ ಯಾರಿಗೆ ಎಂದು ಜಗಳ ಆಗುವುದಿಲ್ಲವೇ? ಎರಡು ಎಲೆ, ಒಂದು ಅಡಿಕೆಗಾಗಿ ಯಾರೂ ಹೊಡೆದಾಡುವುದಿಲ್ಲ. ‘ಈ ಊರಲ್ಲಿ ನನ್ನ ಜಾಗ ಯಾವುದು’ ಎಂದು ಎಲ್ಲರ ಎದುರು ತೋರಿಸುವುದು ಆ ತಾಂಬೂಲ. ಗೆರಾಸ್ ಕೂಡ ಹಾಗೆಯೇ. ಅದು ಕಣ್ಣಿಗೆ ಕಾಣುವ ಮರ್ಯಾದೆ.

ಸೇನೆಯ ಒಡೆಯ ಅಗಮೆಮ್ನಾನ್‌ಗೆ ಪಾಲಾಗಿ ಬಂದವಳು ಅಪೊಲೊ ದೇವರ ಪೂಜಾರಿಯ ಮಗಳು. ಅಪ್ಪ ಬಂದು ಬೇಡಿಕೊಂಡರೂ ಬಿಡುವುದಿಲ್ಲ. ಅಪೊಲೊ ಒಂಬತ್ತು ದಿನ ಪಾಳೆಯಕ್ಕೆ ಪಿಡುಗು ಬಿಡುತ್ತಾನೆ. ಹತ್ತನೇ ದಿನ ಸಭೆ ಸೇರುತ್ತದೆ. ಹುಡುಗಿಯನ್ನು ವಾಪಸ್ ಕಳಿಸಲು ಅಗಮೆಮ್ನಾನ್ ಒಪ್ಪುತ್ತಾನೆ. ಆದರೆ ‘ನನ್ನೊಬ್ಬನ ಕೈ ಖಾಲಿ ಇರಬಾರದು’ ಎಂದು ಅಕಿಲೀಸನ ಪಾಲಿಗೆ ಕೈ ಹಾಕುತ್ತಾನೆ. ಆ ಪಾಲು ಅಂದರೆ ಬ್ರಿಸೇಯಿಸ್ ಎಂಬ ಹೆಣ್ಣು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಬ್ಬರು ಗಂಡಸರ ಮಾನದ ಲೆಕ್ಕದಲ್ಲಿ ಬ್ರಿಸೇಯಿಸ್ ಒಂದು ವಸ್ತು. ಹದಿನೆಂಟು ಸರ್ಗ ಅವಳು ಬಾಯಿ ಬಿಡುವುದಿಲ್ಲ. 19ನೇ ಸರ್ಗದಲ್ಲಿ ಅಕಿಲೀಸನ ಆಪ್ತ ಗೆಳೆಯ ಪ್ಯಾಟ್ರೋಕ್ಲಸ್‌ನ ಹೆಣದ ಮೇಲೆ ಬಿದ್ದು ಅಳುವಾಗ ಮಾತ್ರ ಅವಳ ದನಿ ಕೇಳುತ್ತದೆ. ಗಂಡನನ್ನು ಕೊಂದವನು ಇದೇ ಅಕಿಲೀಸ್, ಮೂವರು ಅಣ್ಣತಮ್ಮಂದಿರು ಅದೇ ದಿನ ಸತ್ತರು, ಆಗ ಅಳಬೇಡ ಎಂದು ಸಮಾಧಾನ ಮಾಡಿದವನು ನೀನೊಬ್ಬನೇ ಎಂದು ಅವಳು ಹೇಳಿಕೊಳ್ಳುತ್ತಾಳೆ. ಸುತ್ತ ಇರುವ ಸೆರೆಯ ಹೆಂಗಸರೂ ಅಳುತ್ತಾರೆ. ಹೆಸರಿಗೆ ಪ್ಯಾಟ್ರೋಕ್ಲಸ್‌ಗಾಗಿ, ನಿಜವಾಗಿ ಅವರವರ ದುಃಖಕ್ಕಾಗಿ ಅನ್ನುತ್ತಾನೆ ಕವಿ. ಈ ಒಂದು ಸಾಲಿಗಾಗಿಯಾದರೂ ಹೋಮರನನ್ನು ಓದಬೇಕು.

ಮತ್ತೆ ಸಭೆಗೆ ಬರೋಣ. ಅಕಿಲೀಸ್ ಕತ್ತಿ ಹಿರಿಯಲು ಹೊರಟಾಗ ಅಥೀನಾ ದೇವಿ ಹಿಂದಿನಿಂದ ಅವನ ಕೂದಲು ಹಿಡಿದು ನಿಲ್ಲಿಸುತ್ತಾಳೆ. ಅವನು ಕೇಳುತ್ತಾನೆ: ಅಗಮೆಮ್ನಾನ್‌ನ ‘ಹ್ಯೂಬ್ರಿಸ್’ ನೋಡಲು ಬಂದೆಯಾ? ದೇವಿಯೂ ಅದೇ ಪದ ಬಳಸುತ್ತಾಳೆ. ಈ ಹ್ಯೂಬ್ರಿಸ್‌ಗೆ ಪ್ರತಿಯಾಗಿ ಮುಂದೆ ಮೂರು ಪಟ್ಟು ಉಡುಗೊರೆ ನಿನಗೆ ಬರುತ್ತದೆ, ಈಗ ತಡೆದುಕೋ, ಅನ್ನುತ್ತಾಳೆ.

ಈ ಪದವನ್ನು ನಾವು ‘ಅಹಂಕಾರ’ ಎಂದು ಅನುವಾದ ಮಾಡಿಬಿಡುತ್ತೇವೆ. ಅಲ್ಲೇ ಎಡವುವುದು. ಹ್ಯೂಬ್ರಿಸ್ ಅಂದರೆ ಮನಸ್ಸಿನೊಳಗಿನ ಗರ್ವ ಅಲ್ಲ. ಇನ್ನೊಬ್ಬನ ಮಾನದ ಮೇಲೆ ಕೈ ಮಾಡುವುದು, ಬೇಕಂತಲೇ ಅವಮಾನ ಮಾಡುವುದು. ಮುಂದೆ ಅಥೆನ್ಸ್‌ನಲ್ಲಿ ಇದು ಕೋರ್ಟಿಗೆ ಎಳೆಯಬಹುದಾದ ಅಪರಾಧವೇ ಆಗಿತ್ತು. ಹಾಗಾಗಿ ‘ನಾನೇ ಎಲ್ಲರಿಗಿಂತ ದೊಡ್ಡ ವೀರ’ ಎಂದು ಅಕಿಲೀಸ್ ಹೇಳಿಕೊಂಡರೆ ಅದು ಹ್ಯೂಬ್ರಿಸ್ ಅಲ್ಲ, ನಿಜ ಸಂಗತಿ. ಅಲ್ಲಿದ್ದ ಯಾರೂ ಇಲ್ಲ ಅನ್ನುವುದಿಲ್ಲ. ವಿನಯಕ್ಕೆ ಆ ಲೋಕದಲ್ಲಿ ಮಾರ್ಕು ಇಲ್ಲ. ತಪ್ಪಾಗುವುದು ಇನ್ನೊಬ್ಬನ ಪಾಲಿಗೆ ಕೈ ಹಾಕಿದಾಗ.

ಅಕಿಲೀಸ್ ಯುದ್ಧ ಬಿಟ್ಟು ಡೇರೆಯಲ್ಲಿ ಕೂರುತ್ತಾನೆ. ಗ್ರೀಕರು ಸೋಲಲು ಶುರು ಮಾಡುತ್ತಾರೆ. 9ನೇ ಸರ್ಗದಲ್ಲಿ ಅವನನ್ನು ಒಲಿಸಲು ಮೂವರು ಹೋಗುತ್ತಾರೆ: ಒಡಿಸ್ಯೂಸ್, ಮುದುಕ ಫೀನಿಕ್ಸ್, ಏಜಾಕ್ಸ್. ಅಗಮೆಮ್ನಾನ್ ಕಳಿಸಿದ ಪಟ್ಟಿ ಉದ್ದಕ್ಕಿದೆ. ಹತ್ತು ತೂಕ ಚಿನ್ನ, ಏಳು ಮುಕ್ಕಾಲಿ, ಇಪ್ಪತ್ತು ಕೊಪ್ಪರಿಗೆ, ಪಂದ್ಯ ಗೆದ್ದ ಹನ್ನೆರಡು ಕುದುರೆ, ಬ್ರಿಸೇಯಿಸ್ ವಾಪಸ್, ಊರಿಗೆ ಹೋದ ಮೇಲೆ ಮಗಳು, ಜೊತೆಗೆ ಏಳು ಪಟ್ಟಣ. ಪಟ್ಟಿಯ ಕೊನೆಗೆ ಒಂದು ಬಾಲ: ‘ಅವನು ನನಗೆ ಬಗ್ಗಲಿ, ರಾಜತನದಲ್ಲಿ ನಾನೇ ಮೇಲು.’ ಜಾಣ ಒಡಿಸ್ಯೂಸ್ ಪಟ್ಟಿಯನ್ನು ಸಾಲು ಸಾಲಾಗಿ ಒಪ್ಪಿಸಿ ಈ ಬಾಲವನ್ನು ಮಾತ್ರ ನುಂಗಿಬಿಡುತ್ತಾನೆ. ಆದರೆ ಅಕಿಲೀಸನಿಗೆ ವಾಸನೆ ಹತ್ತುತ್ತದೆ. ಮನಸ್ಸಲ್ಲಿ ಒಂದಿಟ್ಟುಕೊಂಡು ಬಾಯಲ್ಲಿ ಒಂದಾಡುವವನು ನನಗೆ ಸಾವಿನ ಬಾಗಿಲಷ್ಟೇ ಅಸಹ್ಯ, ಅನ್ನುತ್ತಾನೆ.

ಆಮೇಲೆ ಅವನು ಆಡುವ ಒಂದು ಮಾತೇ ಈ ಕಾವ್ಯದ ಬೀಗದ ಕೈ ಎಂದು ನನಗೆ ಅನಿಸುತ್ತದೆ. ‘ಹಿಂದೆ ಉಳಿದವನಿಗೂ ಜೀವ ಒತ್ತೆಯಿಟ್ಟು ಕಾದಿದವನಿಗೂ ಒಂದೇ ಪಾಲು.’ ಇಲ್ಲಿ ಪಾಲು ಎನ್ನುವುದಕ್ಕೆ ಅವನು ಬಳಸುವ ಗ್ರೀಕ್ ಪದ ‘ಮೊಯ್ರಾ’. ಇದೇ ಪದವನ್ನು ನಾವು ‘ವಿಧಿ’ ಎಂದು ಅನುವಾದ ಮಾಡುತ್ತೇವೆ!

ಮೊಯ್ರಾ ಅಂದರೆ ಮೂಲದಲ್ಲಿ ತುಂಡು, ಭಾಗ. ಊಟದಲ್ಲಿ ನಿಮ್ಮ ತಟ್ಟೆಗೆ ಬಿದ್ದ ಮಾಂಸದ ಪಾಲು ಮೊಯ್ರಾ. ಕೊಳ್ಳೆಯಲ್ಲಿ ನಿಮ್ಮ ಪಾಲು ಮೊಯ್ರಾ. ಆಯುಸ್ಸಿನಲ್ಲಿ ನಿಮಗೆ ಬಂದ ಪಾಲೂ ಮೊಯ್ರಾ. ಅಕಿಲೀಸನ ಆ ಸಾಲಿನಲ್ಲಿ ಎರಡು ಅರ್ಥವೂ ಒಟ್ಟಿಗೆ ಕೇಳಿಸುತ್ತವೆ. ಕೊಳ್ಳೆಯಲ್ಲೂ ಎಲ್ಲರಿಗೂ ಒಂದೇ ಪಾಲು, ಸಾವಿನಲ್ಲೂ ಎಲ್ಲರಿಗೂ ಒಂದೇ ಪಾಲು. ಹಾಗಿದ್ದರೆ ನಾನು ಯಾಕೆ ಸಾಯಬೇಕು?

‘ಹಣೆಬರಹ’ ಎಂದು ನಾವು ಹೇಳುವಾಗ ಒಬ್ಬನು ಕೂತು ಬರೆದದ್ದು ಎಂಬ ಭಾವನೆ ಇರುತ್ತದೆ. ಬರೆದವನಿದ್ದರೆ ಅವನ ಉದ್ದೇಶವೂ ಇರಬೇಕು. ಹೋಮರನ ಮೊಯ್ರಾ ಹೆಚ್ಚು ಹತ್ತಿರ ಇರುವುದು ‘ನಮ್ಮ ಪಾಲಿಗೆ ಇಷ್ಟೇ ಬಂದದ್ದು’ ಎನ್ನುವ ಮಾತಿಗೆ. ಹುಟ್ಟುವಾಗ ಮೊಯ್ರಾ ದೇವತೆಯಾಗಿ ನಮ್ಮ ಬಾಳಿನ ನೂಲು ನೂಲುತ್ತಾಳೆ ಎಂಬ ಕಲ್ಪನೆ ಇಲಿಯಡ್‌ನಲ್ಲೂ ಇದೆ, ನಿಜ. ಆದರೆ ಅದರಲ್ಲೂ ಮುಖ್ಯವಾದದ್ದು ಅಳತೆ. ನೂಲು ಎಷ್ಟು ಉದ್ದ ಎನ್ನುವುದು.

ದೇವತೆಗಳೂ ಈ ಪಾಲಿನ ಲೆಕ್ಕಕ್ಕೆ ಹೊರತಲ್ಲ. 15ನೇ ಸರ್ಗದಲ್ಲಿ ಸಮುದ್ರ ದೇವರು ಪೊಸೈಡನ್ ಸಿಟ್ಟಿನಿಂದ ಹೇಳುವ ಮಾತು ಕೇಳಿದರೆ ನಮ್ಮೂರ ಅಣ್ಣತಮ್ಮಂದಿರ ಜಗಳವೇ ನೆನಪಾಗುತ್ತದೆ. ನಾವು ಮೂವರು ಚೀಟಿ ಎತ್ತಿ ಪಾಲು ಮಾಡಿಕೊಂಡೆವು. ನನಗೆ ಸಮುದ್ರ, ಹೇಡಿಸ್‌ಗೆ ಪಾತಾಳ, ಜೀಯಸ್‌ಗೆ ಆಕಾಶ. ಭೂಮಿ ಮೂವರಿಗೂ ಸೇರಿದ್ದು. ಜೀಯಸ್ ತನ್ನ ಮೂರನೇ ಒಂದು ಪಾಲಿನಲ್ಲಿ ತೆಪ್ಪಗೆ ಇರಲಿ! ಇಲ್ಲೂ ಪದ ಮೊಯ್ರಾನೇ.

ಹಾಗಾದರೆ ದೇವರಾಜ ಜೀಯಸ್ ಒಬ್ಬನ ಸಾವನ್ನು ತಪ್ಪಿಸಬಲ್ಲನೇ? ಇದಕ್ಕೆ ಹೋಮರ್ ಉತ್ತರ ಕೊಡದೆ ಒಂದು ದೃಶ್ಯ ತೋರಿಸುತ್ತಾನೆ. 16ನೇ ಸರ್ಗ. ಟ್ರಾಯ್ ಪರ ಕಾದುತ್ತಿರುವ ಜೀಯಸ್‌ನ ಸ್ವಂತ ಮಗ ಸಾರ್ಪೆಡಾನ್ ಪ್ಯಾಟ್ರೋಕ್ಲಸ್‌ನ ಕೈಯಲ್ಲಿ ಸಾಯುವುದರಲ್ಲಿದ್ದಾನೆ. ಎತ್ತಿಕೊಂಡು ಹೋಗಿ ಉಳಿಸಿಬಿಡಲೇ ಎಂದು ಜೀಯಸ್ ಹೆಂಡತಿಯನ್ನು ಕೇಳುತ್ತಾನೆ. ಹೇರಾ ‘ನಿನಗೆ ಆಗುವುದಿಲ್ಲ’ ಅನ್ನುವುದಿಲ್ಲ. ‘ಮಾಡು, ಆದರೆ ನಾವು ಯಾರೂ ಮೆಚ್ಚುವುದಿಲ್ಲ’ ಅನ್ನುತ್ತಾಳೆ. ಟ್ರಾಯ್ ಸುತ್ತ ಕಾದುತ್ತಿರುವವರಲ್ಲಿ ದೇವರ ಮಕ್ಕಳು ಬೇಕಾದಷ್ಟಿದ್ದಾರೆ, ನಾಳೆ ಪ್ರತಿಯೊಬ್ಬರೂ ತಮ್ಮ ಮಗನನ್ನು ಉಳಿಸಲು ಹೊರಟರೆ? ಜೀಯಸ್ ಸುಮ್ಮನಾಗುತ್ತಾನೆ. ಭೂಮಿಯ ಮೇಲೆ ರಕ್ತದ ಹನಿ ಸುರಿಸುತ್ತಾನೆ, ಅಷ್ಟೇ. ವಿಧಿ ಅವನ ಕೈ ಕಟ್ಟಿಲ್ಲ. ಎಲ್ಲರೂ ಒಪ್ಪಿಕೊಂಡ ಹಂಚಿಕೆಯನ್ನು ಒಬ್ಬ ಮುರಿದರೆ ಮಿಕ್ಕವರ ಪಾಲಿಗೂ ಬೆಲೆ ಇರುವುದಿಲ್ಲ. ಅಗಮೆಮ್ನಾನ್ ಮಾಡಿದ ತಪ್ಪನ್ನು ಜೀಯಸ್ ಮಾಡುವುದಿಲ್ಲ, ಹಾಗೆ ನೋಡಿದರೆ.

‘ಎಲ್ಲ ಮೊದಲೇ ತೀರ್ಮಾನ ಆಗಿದ್ದರೆ ತಪ್ಪಿಗೆ ಯಾರು ಹೊಣೆ?’ ಇದು ಮುಂದಿನ ಪ್ರಶ್ನೆ. ಇದಕ್ಕೆ ಅಗಮೆಮ್ನಾನೇ ಒಂದು ಮಜವಾದ ಉತ್ತರ ಕೊಡುತ್ತಾನೆ. 19ನೇ ಸರ್ಗದಲ್ಲಿ ಎಲ್ಲರ ಮುಂದೆ ಹೇಳುತ್ತಾನೆ: ತಪ್ಪು ನನ್ನದಲ್ಲ, ಜೀಯಸ್ ಮತ್ತು ಮೊಯ್ರಾ ಸೇರಿ ನನ್ನ ಬುದ್ಧಿಗೆ ಮಂಕು ಕವಿಸಿದರು. ಜಾರಿಕೊಳ್ಳುವ ಮಾತು ಅನ್ನೋಣ ಅಂದರೆ, ಅದರ ಬೆನ್ನಿಗೇ ‘ದಂಡ ನಾನೇ ತೆರುತ್ತೇನೆ’ ಎನ್ನುತ್ತಾನೆ. ದೇವರು ಮಾಡಿಸಿದ, ನಾನು ಮಾಡಿದೆ. ಎರಡೂ ಸತ್ಯ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನಮಗೂ ಇದು ತೀರಾ ಹೊಸದಲ್ಲ. ‘ಗ್ರಹಚಾರ ಕೆಟ್ಟಿತ್ತು’ ಅಂತ ಹೇಳುತ್ತಲೇ ಸಾಲ ತೀರಿಸುತ್ತೇವಲ್ಲ.

ಒಡಿಸ್ಸಿಯ ಒಂದು ಪ್ರಸಂಗದಲ್ಲಿ ಇದು ಇನ್ನೂ ಸ್ಪಷ್ಟ. ಯುದ್ಧ ಮುಗಿಸಿ ಊರಿಗೆ ಮರಳುವ ದಾರಿಯಲ್ಲಿ ಒಕ್ಕಣ್ಣ ರಾಕ್ಷಸ ಪಾಲಿಫೀಮಸ್‌ನ ಕಣ್ಣು ಚುಚ್ಚಿ ಒಡಿಸ್ಯೂಸ್ ತಪ್ಪಿಸಿಕೊಳ್ಳುತ್ತಾನೆ. ‘ನನ್ನ ಹೆಸರು ಯಾರೂ ಅಲ್ಲ’ ಎಂದು ಹೇಳಿದ್ದರಿಂದಲೇ ಬದುಕಿದವನು, ಹಡಗು ಹತ್ತಿದ ಮೇಲೆ ಜಂಬ ತಡೆಯಲಾಗದೆ ತನ್ನ ಹೆಸರು, ಅಪ್ಪನ ಹೆಸರು, ಊರು ಎಲ್ಲ ಕೂಗಿ ಹೇಳುತ್ತಾನೆ. ಅಷ್ಟು ಸಾಕಾಯಿತು. ಪಾಲಿಫೀಮಸ್ ತನ್ನ ಅಪ್ಪ ಪೊಸೈಡನ್‌ನನ್ನು ಬೇಡಿಕೊಳ್ಳುತ್ತಾನೆ: ಇವನು ಊರು ಸೇರಬಾರದು. ಸೇರುವುದೇ ಅವನ ಪಾಲಿಗೆ ಬಂದಿದ್ದರೆ, ತಡವಾಗಿ ಸೇರಲಿ, ಜೊತೆಗಾರರನ್ನೆಲ್ಲ ಕಳೆದುಕೊಂಡು ಇನ್ನೊಬ್ಬರ ಹಡಗಲ್ಲಿ ಸೇರಲಿ, ಮನೆಯಲ್ಲಿ ತಾಪತ್ರಯ ಕಾದಿರಲಿ. ಹಾಗೇ ಆಗುತ್ತದೆ. ಊರು ಸೇರುವುದು ಪಾಲಿಗೆ ಬಂದದ್ದು. ಹೇಗೆ ಸೇರಿದ ಎನ್ನುವುದು ಅವನ ಬಾಯಿಂದ ಬಂದದ್ದು.

ಈಗ ಅಕಿಲೀಸನ ಪಾಲು ಏನು? ಅವನಿಗೆ ಅದು ಗೊತ್ತು. ಉಳಿದ ವೀರರಿಗಿಂತ ಅವನು ಬೇರೆಯಾಗುವುದು ಇಲ್ಲೇ. ದೇವತೆಯಾದ ತಾಯಿ ಥೆಟಿಸ್ ಹೇಳಿದ್ದಾಳೆ: ನಿನಗೆ ಎರಡು ದಾರಿ. ಇಲ್ಲೇ ಉಳಿದು ಕಾದಿದರೆ ಮನೆಗೆ ಹೋಗುವುದಿಲ್ಲ, ಆದರೆ ಅಳಿಯದ ಹೆಸರು ಸಿಗುತ್ತದೆ. ಮನೆಗೆ ಹೋದರೆ ಹೆಸರು ಹೋಯಿತು, ಆಯುಸ್ಸು ಉದ್ದ.

ಈ ‘ಹೆಸರು’ ಎನ್ನುವುದಕ್ಕೆ ಗ್ರೀಕ್ ಪದ ‘ಕ್ಲೇಒಸ್’. ಕೇಳು ಎಂಬ ಅರ್ಥದ ಧಾತುವಿನಿಂದ ಬಂದದ್ದು. ನಾವು ಬಳಸುವ ಶ್ರವಣ, ಶ್ರುತಿ ಎಂಬ ಸಂಸ್ಕೃತದ ಪದಗಳೂ ಅದೇ ಮೂಲದವು. ಅಕಿಲೀಸ್ ಹೇಳುವ ‘ಕ್ಲೇಒಸ್ ಅಫ್ಥಿಟಾನ್’ ಮತ್ತು ಋಗ್ವೇದದ ‘ಶ್ರವಃ ಅಕ್ಷಿತಂ’ ಒಂದಕ್ಕೊಂದು ಪದಕ್ಕೆ ಪದ ಹೊಂದುತ್ತವೆ ಎಂದು ಜರ್ಮನಿಯ ವಿದ್ವಾಂಸ ಆಡಲ್ಬರ್ಟ್ ಕೂನ್ 1853ರಲ್ಲೇ ಗುರುತಿಸಿದ. ಎರಡು ದೂರದ ನಾಡು, ಒಂದೇ ಹಳೆಯ ನುಡಿಗಟ್ಟು. ಅಂದರೆ ಕೀರ್ತಿ ಎನ್ನುವುದು ಕಿವಿಗೆ ಬೀಳುವಂಥದ್ದು. ಅದಕ್ಕೆ ಹಾಡುವವನು ಬೇಕು. ಸಂಧಾನಕ್ಕೆ ಬಂದ ಮೂವರು ಡೇರೆಯೊಳಗೆ ಇಣುಕಿದಾಗ ಅಕಿಲೀಸ್ ಏನು ಮಾಡುತ್ತಿದ್ದ ಗೊತ್ತಾ? ತಂತಿವಾದ್ಯ ಹಿಡಿದು ಹಳೆಯ ವೀರರ ಹೆಸರು ಹಾಡುತ್ತಾ ಕೂತಿದ್ದ. ಆ ವಾದ್ಯವೂ ಕೊಳ್ಳೆಯದೇ. ಟ್ರಾಯ್‌ನ ರಾಜಕುಮಾರ ಹೆಕ್ಟರನ ಹೆಂಡತಿ ಆಂಡ್ರೊಮಾಕಿಯ ತವರೂರನ್ನು ಸೂರೆ ಮಾಡಿ ತಂದದ್ದು. ಅವಳ ಅಪ್ಪನನ್ನೂ ಏಳು ಅಣ್ಣತಮ್ಮಂದಿರನ್ನೂ ಕೊಂದವನು ಅವನೇ.

ವೀರ ಯಾಕೆ ಮುಂದೆ ನಿಲ್ಲಬೇಕು ಎನ್ನುವುದನ್ನು ಸಾರ್ಪೆಡಾನ್ ಸಾಯುವ ಮುಂಚೆ, 12ನೇ ಸರ್ಗದಲ್ಲಿ, ಗೆಳೆಯನಿಗೆ ಬಿಡಿಸಿ ಹೇಳುತ್ತಾನೆ. ನಮ್ಮೂರಲ್ಲಿ ನಮಗೆ ಮೊದಲ ಪೀಠ, ಒಳ್ಳೆಯ ಮಾಂಸ, ತುಂಬಿದ ಬಟ್ಟಲು, ನದಿ ದಡದ ಜಮೀನು ಯಾಕೆ ಕೊಟ್ಟಿದ್ದಾರೆ? ಆ ಋಣಕ್ಕೆ ಮುಂದೆ ನಿಲ್ಲಬೇಕು. ಇಷ್ಟು ಲೆಕ್ಕದ ಮಾತು. ಆಮೇಲೆ ದನಿ ಬದಲಾಗುತ್ತದೆ. ಇವತ್ತು ತಪ್ಪಿಸಿಕೊಂಡರೆ ಮುಪ್ಪಿಲ್ಲದೆ ಸಾವಿಲ್ಲದೆ ಇರಬಹುದು ಅಂತಿದ್ದರೆ, ಗೆಳೆಯಾ, ನಾನೂ ಮುಂದೆ ನಿಲ್ಲುತ್ತಿರಲಿಲ್ಲ, ನಿನ್ನನ್ನೂ ಕಳಿಸುತ್ತಿರಲಿಲ್ಲ. ಹೇಗೂ ಸಾವು ಸುತ್ತ ನಿಂತಿದೆ. ನಡಿ.

ನಮ್ಮ ವೀರಗಲ್ಲುಗಳ ಮೇಲೆ ಕೆತ್ತಿರುವ ಸಂಸ್ಕೃತ ಶ್ಲೋಕವೊಂದಿದೆ: ‘ಜಿತೇನ ಲಭ್ಯತೇ ಲಕ್ಷ್ಮೀ, ಮೃತೇನಾಪಿ ಸುರಾಂಗನಾ’. ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು, ಕ್ಷಣದಲ್ಲಿ ಅಳಿಯುವ ಮೈಗೆ ರಣದಲ್ಲಿ ಸಾಯುವ ಚಿಂತೆ ಯಾಕೆ ಎನ್ನುತ್ತದೆ ಅದು. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಯುದ್ಧ, ಅದರ ಮೇಲೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಇನ್ನೂ ಮೇಲೆ ದೇವರ ಸನ್ನಿಧಿ. ಸಾರ್ಪೆಡಾನನ ಮಾತೂ ಅರ್ಧದಷ್ಟು ಇದೇ. ಆದರೆ ಅವನ ಕಲ್ಲಿಗೆ ಮೇಲಿನ ಎರಡು ಪಟ್ಟಿ ಇಲ್ಲ. ಹೋಮರನ ವೀರರಿಗೆ ಕಾದಿರುವುದು ಹೇಡಿಸ್, ನೆರಳುಗಳು ತೇಲಾಡುವ ಮಬ್ಬು ಜಾಗ. ಒಡಿಸ್ಸಿಯಲ್ಲಿ ಸತ್ತ ಅಕಿಲೀಸ್ ಅಲ್ಲಿಂದಲೇ ಹೇಳುತ್ತಾನೆ: ಸತ್ತವರಿಗೆಲ್ಲ ರಾಜ ಆಗುವುದಕ್ಕಿಂತ, ಜಮೀನಿಲ್ಲದ ಬಡವನ ಮನೆಯಲ್ಲಿ ಕೂಲಿ ಮಾಡಿಕೊಂಡಿದ್ದರೂ ಸಾಕಿತ್ತು. ಸ್ವರ್ಗ ಇಲ್ಲದ ವೀರತನ ಇದು. ಅದಕ್ಕೇ ಹೆಸರಿನ ಮೇಲೆ ಅಷ್ಟು ಭಾರ ಬೀಳುತ್ತದೆ.

ಟ್ರಾಯ್‌ನ ಹೆಕ್ಟರ್ ಈ ಭಾರಕ್ಕೆ ಬಲಿಯಾದವನು. ನನಗೆ ಅವನ ಮೇಲೆ ಪ್ರೀತಿ ಜಾಸ್ತಿ, ಮುಚ್ಚಿಡುವುದಿಲ್ಲ. ಅವನದು ಅಹಂಕಾರ ಅಲ್ಲ, ನಾಚಿಕೆ. ಊರವರ ಮುಂದೆ ಮುಖ ತೋರಿಸುವುದು ಹೇಗೆ ಎಂಬ ಅಳುಕು. ಅದೇ ಊರಿನಲ್ಲಿ ಅವನು ಹುಟ್ಟಿದ ರಾತ್ರಿಯೇ ಹುಟ್ಟಿದ ಪಾಲಿಡಮಸ್ ಎಂಬ ಜಾಣನಿದ್ದಾನೆ. ಅಕಿಲೀಸ್ ಎದ್ದಿದ್ದಾನೆ, ರಾತ್ರಿಯೇ ಕೋಟೆ ಸೇರೋಣ ಎಂದು ಅವನು ಹೇಳುತ್ತಾನೆ. ಗೆಲುವಿನ ಅಮಲಲ್ಲಿದ್ದ ಹೆಕ್ಟರ್ ಬಯ್ದು ಕೂರಿಸುತ್ತಾನೆ. ಮರುದಿನ ಸೇನೆ ಧೂಳೀಪಟವಾಗುತ್ತದೆ. 22ನೇ ಸರ್ಗದಲ್ಲಿ ಅವನೊಬ್ಬನೇ ಕೋಟೆ ಬಾಗಿಲ ಹೊರಗೆ ನಿಂತಿದ್ದಾನೆ. ಮೇಲಿಂದ ಅಪ್ಪ ಅಮ್ಮ ಒಳಗೆ ಬಾ ಎಂದು ಅಳುತ್ತಿದ್ದಾರೆ. ಬಾಗಿಲು ತೆರೆದಿದೆ. ಅವನು ತನ್ನಷ್ಟಕ್ಕೆ ಅಂದುಕೊಳ್ಳುತ್ತಾನೆ: ಒಳಗೆ ಹೋದರೆ ಮೊದಲು ಆಡಿಕೊಳ್ಳುವವನು ಪಾಲಿಡಮಸ್. ನನ್ನ ದುಡುಕಿನಿಂದ ಜನರನ್ನು ಹಾಳುಮಾಡಿದೆ. ಈಗ ಊರ ಗಂಡಸರಿಗೆ ಹೆಂಗಸರಿಗೆ ಮುಖ ತೋರಿಸಲಾರೆ.

ಜೀಯಸ್ ಚಿನ್ನದ ತಕ್ಕಡಿಯಲ್ಲಿ ಇಬ್ಬರ ಸಾವನ್ನೂ ತೂಗುವುದು ಇದಾದ ಮೇಲೆ. ಹೆಕ್ಟರನ ತಟ್ಟೆ ಕೆಳಗೆ ಇಳಿಯುತ್ತದೆ. ಅಷ್ಟರಲ್ಲಿ ಕೆಲಸ ಮುಗಿದಿತ್ತು ಎಂದೇ ನಾನು ಓದುತ್ತೇನೆ. ತೆರೆದ ಬಾಗಿಲಿನ ಮುಂದೆ ಅವನು ನಿಂತುಬಿಟ್ಟಿದ್ದ. ತಕ್ಕಡಿ ಅದನ್ನು ತೋರಿಸಿತು.

ಅಕಿಲೀಸ್ ಯುದ್ಧಕ್ಕೆ ಮರಳಿದ್ದು ಕೀರ್ತಿಗಾಗಿ ಅಲ್ಲ. ಉಡುಗೊರೆಗೂ ಅಲ್ಲ. ಅವನ ರಕ್ಷಾಕವಚ ತೊಟ್ಟು ಹೋದ ಪ್ಯಾಟ್ರೋಕ್ಲಸ್ ಹೆಕ್ಟರನ ಕೈಯಲ್ಲಿ ಸತ್ತ. ಹೆಕ್ಟರ್ ಸತ್ತ ಬೆನ್ನಿಗೇ ನಿನ್ನ ಸಾವು ಎಂದು ತಾಯಿ ಅಳುತ್ತಾಳೆ. ‘ಹಾಗಾದರೆ ಈಗಲೇ ಸಾಯುತ್ತೇನೆ, ಗೆಳೆಯ ಸಾಯುವಾಗ ನಾನು ಜೊತೆಗಿರಲಿಲ್ಲ’ ಅನ್ನುತ್ತಾನೆ. ಎರಡು ದಾರಿಯಲ್ಲಿ ಒಂದನ್ನು ಆರಿಸಿದ್ದು ಹೀಗೆ, ಲೆಕ್ಕ ಹಾಕದೆ. ಹೆಕ್ಟರನನ್ನು ಕೊಂದು, ಹೆಣವನ್ನು ರಥಕ್ಕೆ ಕಟ್ಟಿ ದಿನವೂ ಎಳೆಯುತ್ತಾನೆ. ಅವನ ದುಃಖ ಅಷ್ಟಕ್ಕೂ ತಣಿಯುವುದಿಲ್ಲ.

ಕೊನೆಯ ಸರ್ಗದಲ್ಲಿ ಮುದುಕ ರಾಜ ಪ್ರಿಯಾಮ್ ರಾತ್ರಿ ಶತ್ರುವಿನ ಡೇರೆಗೆ ಬರುತ್ತಾನೆ. ಮಗನನ್ನು ಕೊಂದ ಕೈಗಳಿಗೆ ಮುತ್ತಿಡುತ್ತಾನೆ. ನಿನ್ನ ಅಪ್ಪನನ್ನು ನೆನೆಸಿಕೋ ಅನ್ನುತ್ತಾನೆ. ಇಬ್ಬರೂ ಅಳುತ್ತಾರೆ, ಒಬ್ಬ ಹೆಕ್ಟರನಿಗೆ, ಇನ್ನೊಬ್ಬ ಒಮ್ಮೆ ಅಪ್ಪನಿಗೆ, ಒಮ್ಮೆ ಪ್ಯಾಟ್ರೋಕ್ಲಸ್‌ಗೆ. ಆಮೇಲೆ ಅಕಿಲೀಸ್ ಜೀಯಸ್‌ನ ಮನೆಯ ಎರಡು ಮಡಕೆಗಳ ಕಥೆ ಹೇಳುತ್ತಾನೆ. ಒಂದರಲ್ಲಿ ಕೆಡುಕು, ಒಂದರಲ್ಲಿ ಒಳಿತು. ಕೆಲವರಿಗೆ ಎರಡನ್ನೂ ಬೆರೆಸಿ ಕೊಡುತ್ತಾನೆ, ಕೆಲವರಿಗೆ ಬರೀ ಕೆಡುಕು. ಬರೀ ಒಳಿತು ಸಿಕ್ಕವರ ಸುದ್ದಿಯೇ ಇಲ್ಲ.

ಹೆಣಕ್ಕೆ ಪ್ರತಿಯಾಗಿ ಬಂದ ವಸ್ತುಗಳನ್ನು ತೆಗೆದುಕೊಳ್ಳುವಾಗ ಅವನು ಸತ್ತ ಗೆಳೆಯನನ್ನು ಕರೆದು, ಸಿಟ್ಟಾಗಬೇಡ, ಇದರಲ್ಲೂ ನಿನ್ನ ಪಾಲು ಕೊಡುತ್ತೇನೆ, ಅನ್ನುತ್ತಾನೆ. ಆಮೇಲೆ ಒಂದು ಬಿಳಿ ಕುರಿಯನ್ನು ಕಡಿದು ಬೇಯಿಸುತ್ತಾರೆ. ರೊಟ್ಟಿ ಬೇರೆಯವನು ಬಡಿಸುತ್ತಾನೆ. ಮಾಂಸವನ್ನು ಪಾಲು ಮಾಡಿ ಹಂಚುವವನು ಅಕಿಲೀಸ್. ಮಗ ಸತ್ತ ಮೇಲೆ ಪ್ರಿಯಾಮ್ ಬಾಯಿಗೆ ಹಾಕಿದ ಮೊದಲ ತುತ್ತು ಅದು.

ಕರ್ಮಾಂತರಕ್ಕೆ ಎಷ್ಟು ದಿನ ಬೇಕು, ಅಲ್ಲಿಯವರೆಗೆ ಸೇನೆಯನ್ನು ತಡೆಯುತ್ತೇನೆ, ಎಂದು ಅಕಿಲೀಸ್ ಕೇಳುತ್ತಾನೆ. ಒಂಬತ್ತು ದಿನ ಅಳುತ್ತೇವೆ, ಹತ್ತನೇ ದಿನ ಮಣ್ಣು ಮಾಡುತ್ತೇವೆ, ಹನ್ನೊಂದನೇ ದಿನ ದಿಬ್ಬ ಕಟ್ಟುತ್ತೇವೆ, ಎಂದು ಮುದುಕ ಲೆಕ್ಕ ಹೇಳುತ್ತಾನೆ. ‘ಹನ್ನೆರಡನೇ ದಿನ ಕಾದೋಣ, ಕಾದಲೇಬೇಕು ಅಂತಿದ್ದರೆ.’ ಅಕಿಲೀಸ್ ಆಗಲಿ ಅನ್ನುತ್ತಾನೆ. ಮುದುಕನಿಗೆ ಭಯ ಆಗದಿರಲಿ ಎಂದು ಅವನ ಬಲಗೈ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಾನೆ.